ಟೈಪಿಂಗ್ ಮೇಷ್ಟ್ರ ಗಡ್ಡದ ವಿಷಯ

ತೀರ್ಥಹಳ್ಳಿ
6-11-2024, ಬುಧವಾರ

ವಾಸಪ್ಪನವರಿಗೆ ಪ್ರತಿಮಾ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಓದಿದ್ದು ಐದನೇ ಕ್ಲಾಸು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ಗುರುತಿಲ್ಲದವರಿಗೆ ನಾನು ಇದುವರೆಗೆ ಕಾಗದ ಬರೆದಿಲ್ಲ. ಮೂರು ಹಾಳೆ ಹರಿದು ಇದು ನಾಲ್ಕನೆಯದು.

ನನ್ನ ಊರು ಹೊಸನಗರದ ಹತ್ತಿರ. ಇಲ್ಲಿ ಶ್ರೇಯಾಂಸಯ್ಯನವರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದು ಇಪ್ಪತ್ತು ದಿನ ಆಯಿತು. ಸಾಗರದಲ್ಲಿ ನಿಮ್ಮ ಕ್ಷೌರದ ಅಂಗಡಿಯ ಮಹಡಿಯ ಮೇಲೆ ಟೈಪಿಂಗ್ ಕಲಿಸುತ್ತಿದ್ದ ಮೇಷ್ಟ್ರು ಎಂದರೆ ನಿಮಗೆ ಗೊತ್ತಾಗುತ್ತದಂತೆ. ಆರು ವರ್ಷದಿಂದ ಇಲ್ಲೇ ಮಗ ವಿಮಲಣ್ಣನ ಮನೆಯಲ್ಲಿದ್ದಾರೆ. ಅಕ್ಟೋಬರ್ ಮೊದಲ ವಾರ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಏಳುವುದಿಲ್ಲ, ಬಾಯಿ ಒಂದು ಕಡೆಗೆ ಜಾರಿದೆ, ಮಾತು ಹೋಗಿದೆ. ತಿಳುವಳಿಕೆ ಎಲ್ಲ ಇದೆ.

ದಿನಾ ಕನ್ನಡಿ ಮುಂದೆ ಕೂರಿಸಿ ಪ, ಬ, ಮ ಹೇಳಿಸಬೇಕು, ಈಗಿನ ತಿಂಗಳುಗಳೇ ಮುಖ್ಯ, ತಡ ಮಾಡಿದಷ್ಟೂ ಮಾತು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮೇಷ್ಟ್ರು ಕನ್ನಡಿ ನೋಡುವುದಿಲ್ಲ. ಒಂದು ಸಲ ನೋಡಿದರು. ತಿಂಗಳ ಗಡ್ಡ, ಅದರಲ್ಲಿ ಅನ್ನದ ಅಗುಳು. ಎಡಗೈಯಿಂದ ಕನ್ನಡಿಯನ್ನು ಬೋರಲು ಹಾಕಿದರು. ಅವತ್ತಿನಿಂದ ಅವರ ಹೆಂಡತಿ ಚಂದ್ರಮತಮ್ಮ ಕೋಣೆಗೆ ಬಂದರೂ ಗೋಡೆ ಕಡೆಗೆ ತಿರುಗಿ ಮಲಗುತ್ತಾರೆ. ಅಮ್ಮ ಅಡಿಗೆಮನೆಗೆ ಹೋಗಿ ಮೂಗು ಒರೆಸಿಕೊಳ್ಳುತ್ತಾರೆ.

ವಿಮಲಣ್ಣ ಡಬ್ಬಿಯ ನೊರೆ ಹಾಕಿ, ಸಾಲಾಗಿ ಐದು ಬ್ಲೇಡಿರುವ ಹೊಸ ರೇಜರಿನಲ್ಲಿ ಒಂದು ಸಲ ಎಳೆದರು. ಗಡ್ಡ ದಪ್ಪ, ಸಿಕ್ಕಿಕೊಂಡಿತು. ಕೆನ್ನೆಯಲ್ಲಿ ಕೆಂಪು ಗುಳ್ಳೆ ಎದ್ದವು. ಆಮೇಲೆ ಇಲ್ಲಿಯ ಒಬ್ಬರು ಕ್ಷೌರಿಕರನ್ನು ಮನೆಗೆ ಕರೆಸಿದರು. ಅವರು ಪೆಟ್ಟಿಗೆ ತೆರೆದ ಕೂಡಲೇ ಮೇಷ್ಟ್ರು ತಲೆ ಆಡಿಸಿ ಬೇಡವೇ ಬೇಡ ಎಂದರು. "ನಿನ್ ಕೈಯಲ್ಲಿ ಊಟ ಮಾಡ್ತಾರಲ್ಲ ಪ್ರತಿಮಾ, ನೀನೇ ಒಂದ್ ಕೈ ನೋಡು" ಎಂದು ವಿಮಲಣ್ಣ ಈಗ ನನಗೆ ಹೇಳಿದ್ದಾರೆ.

ಬಚ್ಚಲಿನ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹಳೇ ಕಾಲದ ಉಕ್ಕಿನ ರೇಜರು, ನಾಲ್ಕು ಬ್ಲೇಡು, ನಿಮ್ಮ ಅಂಗಡಿಯ ಚೀಟಿ. ಊರು ಬಿಡುವಾಗ ನೀವೇ ಕೊಟ್ಟದ್ದೆಂದು ಅಮ್ಮ ಹೇಳಿದರು. ಇಷ್ಟು ವರ್ಷ ಬಚ್ಚಲಿನ ಬಾಗಿಲು ಹಾಕಿಕೊಂಡು ಮೇಷ್ಟ್ರು ತಾವೇ ಅದರಲ್ಲಿ ಮಾಡಿಕೊಳ್ಳುತ್ತಿದ್ದರಂತೆ. ನಾನು ಗಂಡಸರ ಗಡ್ಡಕ್ಕೆ ಕೈ ಹಾಕಿದವಳಲ್ಲ. ಈ ರೇಜರಿಗೆ ಬ್ಲೇಡು ಎಲ್ಲಿ ಹಾಕುವುದೆಂದೂ ಗೊತ್ತಿಲ್ಲ. ನೀವು ಒಂದು ದಿನ ಬಂದು ಮಾಡಿಕೊಟ್ಟು ಹೋಗಲು ಆಗುತ್ತದೆಯೇ? ಆಗದಿದ್ದರೆ ಹೇಗೆಂದು ಬರೆಯುತ್ತೀರಾ?

ಫೋನ್ ಮಾಡೋಣವೆಂದರೆ, "ಅವ್ನಿಗೆ ಕಿವಿ ಕೇಳ್ಸಲ್ಲ, ಹಲೋ ಹಲೋ ಅಂತ ಅವ್ನೇ ಇಟ್ಬಿಡ್ತಾನೆ" ಎಂದರು ಅಮ್ಮ. ಅದಕ್ಕೆ ಸಾಗರದ ಬಸ್ಸಿನ ಕಂಡಕ್ಟರ್ ಕುಮಾರನ ಕೈಯಲ್ಲಿ ಕೊಡುತ್ತಿದ್ದೇನೆ.

ಇಂತಿ,
ಪ್ರತಿಮಾ


ಸಾಗರ
7-11-2024

ಪ್ರತಿಮಾಳಿಗೆ ವಾಸಪ್ಪನ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ನಿನ್ನ ಅಕ್ಷರಕ್ಕೆ ಏನೂ ಆಗಿಲ್ಲ. ನನ್ನದನ್ನು ಓದುವುದೇ ನಿನಗೆ ಕಷ್ಟವಾದೀತು, ಸಾವಕಾಶ ಓದು.

ಮೇಷ್ಟ್ರಿಗೆ ಹೀಗಾಯಿತೆಂದು ನನಗೆ ಯಾರೂ ಹೇಳಲಿಲ್ಲ. ಮೂವತ್ತೊಂದು ವರ್ಷ ಬೆಳಿಗ್ಗೆ ಏಳೂವರೆಗೆ ನನ್ನ ಕುರ್ಚಿಯಲ್ಲಿ ಕೂತವರು. ಕೂತ ಕೂಡಲೇ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚುತ್ತಿದ್ದರು. ಒಂದು ಕೂದಲು ಉಳಿದರೆ ಕಣ್ಣು ತೆರೆಯದೆಯೇ ಆ ಜಾಗಕ್ಕೆ ಬೆರಳಿಡುತ್ತಿದ್ದರು. ಒಂದಕ್ಷರ ತಪ್ಪಿದರೆ ಇಡೀ ಹಾಳೆ ಹೊಸದಾಗಿ ಹೊಡೆಸುತ್ತಿದ್ದವರಲ್ಲವೇ.

ನಾನು ಬರಬೇಕಿತ್ತು. ಮೊಣಕಾಲು ನೋವು, ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಅಂಗಡಿ ಈಗ ಮಗನದು. ಅವನ ಫೋನಿಗೆ ಏನೂ ಕಳಿಸಬೇಡ, ಗಿರಾಕಿಗಳ ನಡುವೆ ಓದಿ ಹೇಳಲು ಅವನಿಗೆ ಪುರುಸೊತ್ತಿಲ್ಲ. ಕಾಗದವೇ ಆಗಲಿ.

ಈಗ ಕೇಳು. ರೇಜರಿನ ಹಿಡಿ ತಿರುಗಿಸಿದರೆ ಮೂರು ತುಂಡಾಗುತ್ತದೆ. ಮೇಲಿನ ಮುಚ್ಚಳ, ನಡುವಿನ ತಟ್ಟೆ, ಹಿಡಿ. ಮುಚ್ಚಳವನ್ನು ಬೋರಲಾಗಿ ಹಿಡಿದು ಅದರ ಮೊಳೆಗಳಿಗೆ ಬ್ಲೇಡಿನ ತೂತು ಕೂರಿಸು, ಮೇಲೆ ತಟ್ಟೆ ಇಡು, ಹಿಡಿ ಬಿಗಿ ಮಾಡು. ಬ್ಲೇಡನ್ನು ಅಡ್ಡ ತುದಿಗಳಲ್ಲಿ ಹಿಡಿಯಬೇಕು, ಬಾಯಿಯ ಕಡೆ ಬೆರಳು ಹೋಗಬಾರದು. ಡಬ್ಬಿಯಲ್ಲಿರುವ ಹಳೇ ಬ್ಲೇಡು ಎಸೆ, ಬಚ್ಚಲಿನ ತೇವ ಕುಡಿದಿರುತ್ತವೆ. ಸದ್ಯಕ್ಕೆ ಅಂಗಡಿಯಿಂದ ಯಾವುದಾದರೂ ಹೊಸದು ತಂದುಕೋ.

ಒತ್ತಬೇಡ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಕಲಿತ ಹಾಗೆ. ರೇಜರಿಗೆ ಅದರದೇ ತೂಕ ಇದೆ, ಅದೇ ಕೆಲಸ ಮಾಡುತ್ತದೆ, ನೀನು ದಾರಿ ತೋರಿಸಿದರೆ ಸಾಕು. ಮುಚ್ಚಳದ ಅಂಚನ್ನು ಮೊದಲು ಕೆನ್ನೆಗೆ ತಾಗಿಸಿ, ಬ್ಲೇಡು ಚರ್ಮ ಮುಟ್ಟುವವರೆಗೆ ಮಾತ್ರ ಹಿಡಿಯನ್ನು ಇಳಿಸು. ಅರ್ಧ ಬೆರಳುದ್ದ ಎಳೆ, ತೊಳೆ, ಮತ್ತೆ ಎಳೆ. ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿ.

ಪ್ರತಿ ಮುಖಕ್ಕೂ ಒಂದು ನಕ್ಷೆ ಇರುತ್ತದೆ. ಒಣ ಕೆನ್ನೆಯ ಮೇಲೆ ಬೆರಳಾಡಿಸು. ಎತ್ತ ಸವರಿದರೆ ನುಣ್ಣಗಿರುತ್ತದೋ ಅತ್ತ ಕೂದಲು ಬೆಳೆದಿದೆ, ಅತ್ತಲೇ ರೇಜರು ಹೋಗಬೇಕು. ಮೇಷ್ಟ್ರಿಗೆ ಗಂಟಲಿನ ಎಡಗಡೆ ಸುಳಿ ಇದೆ, ಅಲ್ಲಿ ಅಡ್ಡಕ್ಕೆ ಹೋಗು. ಉದ್ದ ಗಡ್ಡವನ್ನು ಮೊದಲು ಕತ್ತರಿಯಲ್ಲಿ ತೆಗೆ. ಬಿಸಿನೀರಿನ ಟವೆಲು ಮುಖಕ್ಕೆ ಎರಡು ನಿಮಿಷ.

ಮೊದಲು ಬಲೂನಿನ ಮೇಲೆ ಕಲಿ. ಬಲೂನು ಊದಿ, ನೊರೆ ಹಚ್ಚಿ, ಒಡೆಯದೆ ನೊರೆ ತೆಗೆ. ನನ್ನ ಅಪ್ಪ ನನ್ನನ್ನು ಹಾಗೇ ತಯಾರು ಮಾಡಿದ್ದು.

ವಾಸಪ್ಪ


ತೀರ್ಥಹಳ್ಳಿ
12-11-2024

ವಾಸಪ್ಪನವರಿಗೆ ನಮಸ್ಕಾರ.

ಒಂಬತ್ತು ಬಲೂನು ಒಡೆದವು. ಮೊಮ್ಮಗಳು ಸಂಯುಕ್ತಾ ಪಿಯುಸಿ ಓದುತ್ತಿದ್ದಾಳೆ, ಪ್ರತಿ ಸಲ ಒಡೆದಾಗಲೂ ಒಳಗಿನಿಂದ "ಔಟ್!" ಎಂದು ಕೂಗುತ್ತಿದ್ದಳು. ಹತ್ತನೆಯದು ಉಳಿಯಿತು. ಅದಕ್ಕೆ ಅವಳೇ ಪೆನ್ನಿನಲ್ಲಿ ಕಣ್ಣು ಮೂಗು ಬರೆದು ಕಿಟಕಿಗೆ ಕಟ್ಟಿದ್ದಾಳೆ. ಆಮೇಲೆ ನನ್ನ ಮುಂಗೈ ಮೇಲೂ ಮಾಡಿ ನೋಡಿಕೊಂಡೆ. ಬ್ಲೇಡು ಹಾಕುವುದು ಈಗ ಕಣ್ಣು ಮುಚ್ಚಿ ಬರುತ್ತದೆ. ಕಣ್ಣು ಮುಚ್ಚುವುದಿಲ್ಲ, ಹೆದರಬೇಡಿ.

ಶನಿವಾರ ಬೆಳಿಗ್ಗೆ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿದೆ. ಕತ್ತರಿಗೆ ಮುಖ ಕೊಟ್ಟರು. ಬಿಸಿ ಟವೆಲು ಹಾಕಿದಾಗ ಕಣ್ಣು ಮುಚ್ಚಿದರು, ನೀವು ಬರೆದ ಹಾಗೆಯೇ. ನನಗೆ ಧೈರ್ಯ ಬಂತು. ವಿಮಲಣ್ಣ ಆನ್‌ಲೈನಿನಲ್ಲಿ ಬೀಟೆ ಮರದ ಹಿಡಿಯ ಹೊಸ ಬ್ರಷ್ಷು, ಕ್ರೀಮು ಎಲ್ಲ ತರಿಸಿಕೊಟ್ಟಿದ್ದಾರೆ. ನೊರೆ ಮಾಡಿ ಕೆನ್ನೆಗೆ ಹಚ್ಚುವಾಗಲೇ ಮೇಷ್ಟ್ರು ಕಣ್ಣು ಬಿಟ್ಟು ಮುಖ ತಿರುಗಿಸಿದರು. ನಾನು ಇನ್ನೊಂದು ಕಡೆಗೆ ಹೋದರೆ ಅತ್ತಲೂ ತಿರುಗಿಸಿದರು. ಅಮ್ಮ ಬಾಗಿಲಲ್ಲಿ ನಿಂತಿದ್ದವರು, "ಅಯ್ಯೋ, ಇವತ್ತು ಅಷ್ಟಮಿ ಕಣೇ! ಅಷ್ಟಮಿ, ಚತುರ್ದಶಿ ಅವ್ರು ಗಡ್ಡ ಮುಟ್ಟಲ್ಲ" ಎಂದರು. ಬಸದಿಗೆ ಹೋಗುವವರ ಮನೆಯ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಕಾರಣ ಸಿಕ್ಕಿತಲ್ಲ ಎಂದು ಸಮಾಧಾನವೇ ಆಯಿತು.

ಭಾನುವಾರ ಮತ್ತೆ ಕೂರಿಸಿದೆ. ಅವತ್ತೂ ಹಾಗೆಯೇ. ಎಡಗೈಯಿಂದ ನನ್ನ ಕೈ ತಳ್ಳಿದರು. ಅವರಿಗೆ ಬ್ಲೇಡಿನ ಹೆದರಿಕೆ ಇರಬೇಕು, ಐದು ಬ್ಲೇಡಿನದು ಎಳೆದ ನೋವು ಮರೆತಿಲ್ಲ. ಯಾವ ಬ್ಲೇಡು ಹಾಕಿದರೆ ಅವರಿಗೆ ಗೊತ್ತೇ ಆಗುವುದಿಲ್ಲ? ಅಂಗಡಿಯಲ್ಲಿ ಏಳೆಂಟು ಬಗೆ ಇವೆ. ಯಾವುದು ಬೇಕೆಂದು ಕೇಳಿದರೆ ನನಗೆ ನಾಚಿಕೆ, ಅಂಗಡಿಯವನಿಗೆ ನಗು.

ಕುಮಾರನೂ ನಗುತ್ತಾನೆ. "ಎಂತ ಪ್ರತಿಮಾ, ಲವ್ ಲೆಟರಾ?" ಎಂದ. "ಅಲ್ಲ, ಗಡ್ಡದ್ದು" ಎಂದೆ. ಬಸ್ಸಿನವರೆಲ್ಲ ನೋಡಿದರು.

ಪ್ರತಿಮಾ


ಸಾಗರ
14-11-2024

ಪ್ರತಿಮಾ,

ಈ ಕವರಿನಲ್ಲಿ ಬೆಂಕಿಪೊಟ್ಟಣ ಇದೆ, ಜಾಗ್ರತೆಯಾಗಿ ತೆರೆ. ನಾಲ್ಕು ಬಗೆಯ ಬ್ಲೇಡು, ಬಗೆಗೆ ಎರಡೆರಡು. ಗುರುತಿಗೆ ದಾರ ಕಟ್ಟಿಸಿದ್ದೇನೆ.

ಕೆಂಪು ದಾರದ್ದು ಮೆತ್ತಗಿನದು, ಎಳೇ ಗಡ್ಡದವರಿಗೆ. ಬಿಳಿಯದು ಅದಕ್ಕಿಂತ ಒಂದು ಕೈ ಮೇಲು. ಹಳದಿ ನಡುವಿನದು, ಹೆಚ್ಚಿನವರಿಗೆ ಒಗ್ಗುತ್ತದೆ. ನೀಲಿಯದು ಎಲ್ಲಕ್ಕಿಂತ ಹರಿತ. ಜನ ಹರಿತವಾದದ್ದಕ್ಕೆ ಹೆದರುತ್ತಾರೆ. ಕೊಯ್ಯುವುದು ಹೆಚ್ಚಾಗಿ ಮೊಂಡ ಬ್ಲೇಡು, ಯಾಕೆಂದರೆ ಅದು ಓಡುವುದಿಲ್ಲವೆಂದು ನಾವು ಒತ್ತುತ್ತೇವೆ. ಆದರೆ ಹರಿತವಾದದ್ದಕ್ಕೆ ಸ್ಥಿರವಾದ ಕೈ ಬೇಕು. ನಿನ್ನ ಕೈ ಹೇಗಿದೆಯೋ ನನಗೆ ಗೊತ್ತಿಲ್ಲ.

ಯಾವುದು ಒಳ್ಳೆಯದೆಂದು ನನ್ನನ್ನು ಕೇಳಬೇಡ, ಕೆನ್ನೆಯನ್ನು ಕೇಳು. ಒಂದೇ ಬಗೆಯನ್ನು ಮೂರು ಸಲ ಹಾಕದೆ ಅದು ಸರಿ ಇಲ್ಲವೆನ್ನಬೇಡ. ಬ್ಲೇಡು ಬದಲಾಯಿಸಿದ ದಿನ ಕ್ರೀಮು, ನೀರು, ಕುರ್ಚಿ ಏನೂ ಬದಲಾಗಬಾರದು. ಎಲ್ಲ ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾವುದರದೆಂದು ಹೇಗೆ ಗೊತ್ತಾಗುತ್ತದೆ?

ಮೇಷ್ಟ್ರು ಬ್ಲೇಡಿಗೆ ಹೆದರುವವರಲ್ಲ. ನನ್ನ ಮಡಚುವ ಕತ್ತಿಗೇ ಹೆದರಲಿಲ್ಲ. ಆದರೂ ಮಾತು ಹೋದ ಮನುಷ್ಯ, ಹೇಳಲು ಬರುವುದಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ.

ನನ್ನನ್ನು ಕೇಳಿದರೇ?

ವಾಸಪ್ಪ


ತೀರ್ಥಹಳ್ಳಿ
22-11-2024

ವಾಸಪ್ಪನವರಿಗೆ,

ಕೆಂಪು ದಾರದ್ದನ್ನು ಹಾಕಿದೆ. ಮೆತ್ತಗಿನದು ಎಂದಿರಲ್ಲ, ನನಗೂ ಅದೇ ಧೈರ್ಯ. ಎರಡು ದಿನ ನೊರೆ ಹಚ್ಚಲೂ ಬಿಡಲಿಲ್ಲ. ನಿನ್ನೆ ಸಂಯುಕ್ತಾ ಎದುರಿಗೆ ಕೂತು ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಒಳಗೆಳೆದುಕೊಂಡು ಕೂತರು. ಒಂದು ಕೆನ್ನೆಯಲ್ಲಿ ಎರಡು ಎಳೆತ ಆಯಿತು. ಅಷ್ಟಕ್ಕೇ ಸಾಕೆಂದು ಕೈ ಆಡಿಸಿದರು. ಬೇರೇನೂ ಆಗಲಿಲ್ಲ.

ನಿಮ್ಮನ್ನು ಅವರು ಕೇಳಲಿಲ್ಲ, ಕೇಳಲು ಮಾತಿಲ್ಲ. ಆದರೆ ನಿಮ್ಮ ಕಾಗದ ಓದಿ ಹೇಳಿದಾಗ ಬಾಗಿಲ ಕಡೆ ನೋಡಿದರು. ನೀವು ಹೊರಗೆ ಚಪ್ಪಲಿ ಬಿಡುತ್ತಿದ್ದೀರಿ ಎನ್ನುವ ಹಾಗೆ ಸುಮಾರು ಹೊತ್ತು ನೋಡಿದರು. ಅದಕ್ಕೇ ಮತ್ತೆ ಕೇಳುತ್ತೇನೆ, ಒಂದು ಸಲ ಬನ್ನಿ. ನಿಮ್ಮ ಕೈ ಎಂದರೆ ಅವರು ಮುಖ ತಿರುಗಿಸುವುದಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಕೂರಿಸಿಕೊಂಡು ಬರುತ್ತೇನೆಂದು ಕುಮಾರ ಹೇಳಿದ್ದಾನೆ.

ನಿಮ್ಮ ಅಕ್ಷರ ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತದೆ. ಅವಸರದಲ್ಲಿ ಬರೆಯುತ್ತೀರಾ?

ಪ್ರತಿಮಾ


ಸಾಗರ
24-11-2024

ಪ್ರತಿಮಾ,

ಮೇಷ್ಟ್ರ ಗಡ್ಡಕ್ಕೆ ಕೆಂಪು ಸಾಲದು. ಹಳದಿ ಹಾಕು.

ಬರಲು ಆಗುವುದಿಲ್ಲವೆಂದು ಮೊದಲೇ ಬರೆದಿದ್ದೇನೆ. ಮತ್ತೆ ಮತ್ತೆ ಕೇಳಬೇಡ.

ನೀನು ಎರಡು ಎಳೆತ ಎಂದಷ್ಟೇ ಬರೆದರೆ ಇಲ್ಲಿ ಕೂತ ನನಗೆ ಏನು ಗೊತ್ತಾಗಬೇಕು? ಹಾಸಿಗೆಯಿಂದ ಏಳಿಸುವುದರಿಂದ ಹಿಡಿದು ಸಾಮಾನು ತೊಳೆದಿಡುವವರೆಗೆ ಏನೇನು ಮಾಡುತ್ತೀ, ಯಾವಾಗ ಮುಖ ತಿರುಗಿಸುತ್ತಾರೆ, ಒಂದೂ ಬಿಡದೆ ಬರೆ.

ವಾಸಪ್ಪ


ತೀರ್ಥಹಳ್ಳಿ
1-12-2024, ಭಾನುವಾರ

ವಾಸಪ್ಪನವರಿಗೆ,

ಒಂದೂ ಬಿಡದೆ ಬರೆ ಎಂದಿರಿ. ಬಿಟ್ಟದ್ದನ್ನು ಮೊದಲು ಬರೆಯುತ್ತೇನೆ. ಅವತ್ತು ಮೇಷ್ಟ್ರ ದವಡೆಯ ಕೆಳಗೆ ಕೊಯ್ದೆ. ಕೆಂಪು ದಾರದ್ದು ಓಡಲಿಲ್ಲ, ನಾನು ಒತ್ತಿದೆ, ಅವರು ತಲೆ ಎಳೆದುಕೊಂಡರು. ಭತ್ತದ ಕಾಳಿನಷ್ಟು ಗಾಯ. ಉಗುರು ತಾಗಿದ್ದೆಂದು ವಿಮಲಣ್ಣನಿಗೆ ಸುಳ್ಳು ಹೇಳಿದೆ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಮಾತು ಬರುವವರ ಎದುರಿಗೆ ನಾನು ಆ ಸುಳ್ಳು ಹೇಳುತ್ತಿರಲಿಲ್ಲ. ಅದು ನೆನಪಾದರೆ ಊಟ ಸೇರುವುದಿಲ್ಲ.

ಇನ್ನು ದಿನಾ ಮಾಡುವುದು. ಏಳು ಗಂಟೆಗೆ ಏಳಿಸುತ್ತೇನೆ. ಹಲ್ಲು ಉಜ್ಜಿಸಿ, ಕಾಫಿ ಕುಡಿಸಿ, ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸುತ್ತೇನೆ. ಕುತ್ತಿಗೆಗೆ ಟವೆಲು. ಬಿಸಿ ಟವೆಲು ಹಾಕಿದಾಗ ಚೆನ್ನಾಗಿಯೇ ಇರುತ್ತಾರೆ. ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಸಿ, ಬಟ್ಟಲಲ್ಲಿ ಕ್ರೀಮು ಹಾಕಿ ನೊರೆ ಮಾಡುತ್ತೇನೆ. ಬ್ರಷ್ಷಿನ ಕೂದಲು ಬಿರುಸು, ಬುಡ ಕಪ್ಪು, ತುದಿ ಬಿಳಿ. ಒದ್ದೆಯಾದರೆ ಒಂಥರಾ ಹಟ್ಟಿಯ ವಾಸನೆ, ಎಷ್ಟು ಸಲ ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟರೂ ಪೂರ್ತಿ ಹೋಗಿಲ್ಲ. ನೊರೆ ಮುಖದ ಹತ್ತಿರ ತಂದಾಗ ತಿರುಗಿಸುತ್ತಾರೆ. ರೇಜರು ಆಗಿನ್ನೂ ನನ್ನ ಕೈಯಲ್ಲೇ ಇರುವುದಿಲ್ಲ. ಹಳದಿ ಹಾಕಿದೆ, ಬಿಳಿ ಹಾಕಿದೆ, ಯಾವುದು ಹಾಕಿದರೂ ಅಷ್ಟೇ. ಬ್ಲೇಡು ಅವರ ಕೆನ್ನೆಗೆ ತಾಗುವುದೇ ಇಲ್ಲವಲ್ಲ, ಯಾವುದು ಒಳ್ಳೆಯದೆಂದು ಕೆನ್ನೆ ಹೇಗೆ ಹೇಳುತ್ತದೆ?

ನಿನ್ನೆ ವಿಮಲಣ್ಣನಿಗೆ ತಾಳ್ಮೆ ಹೋಯಿತು. "ಇನ್ನು ಎರಡು ವಾರ ನೋಡ್ತೀನಿ. ಹದಿನೈದಕ್ಕೆ ಭಾನುವಾರ, ನಮ್ಮ ಅಂಗಡಿಗೆ ರಜೆ. ನಾನೂ ಅಂಗಡಿ ಕೆಲಸದ ಶ್ರೀಕಾಂತನೂ ಕೈ ಹಿಡ್ಕೊಳ್ತೀವಿ, ಮಷಿನ್ ಹಾಕಿ ಹೊಡ್ಸಿಬಿಡಣ. ಡಾಕ್ಟರು ದಿನಾ ಕೇಳ್ತಾರೆ, ಎಂತ ಹೇಳ್ಲಿ ನಾನು?" ಎಂದರು. ಅವರು ಕೆಟ್ಟವರಲ್ಲ. ಹೇಳಿ ಹೊರಗೆ ಹೋಗಿ ಜಗಲಿಯಲ್ಲಿ ಒಬ್ಬರೇ ನಿಂತಿದ್ದರು. ಆದರೆ ಮೇಷ್ಟ್ರಿಗೆ ಅದು ಕೇಳಿಸಿತು. ಎಡಗೈಯನ್ನು ಕಂಬಳಿಯೊಳಗೆ ಸೇರಿಸಿಕೊಂಡರು. ಇರುವ ಒಂದು ಕೈಯನ್ನೂ ಹಿಡಿದುಕೊಳ್ಳುತ್ತಾರೆಂದರೆ ಹೇಗಿರಬೇಡ?

ಮೂವತ್ತೊಂದು ವರ್ಷ ನಿಮ್ಮ ಕುರ್ಚಿಯಲ್ಲಿ ಕೂತವರು. ಮೊಣಕಾಲು ನೋವು ಎಲ್ಲರಿಗೂ ಇರುತ್ತದೆ. ನನ್ನ ಅಮ್ಮ ಹುಲಿಯಮ್ಮ ನೋವಿನ ಕಾಲಿನಲ್ಲೇ ಮೂರು ಮೈಲಿ ನಡೆದು ಕೂಲಿಗೆ ಹೋಗುತ್ತಾಳೆ. ನಿಮಗೆ ಮನಸ್ಸಿಲ್ಲ. ಹಾಗೆಂದು ಬರೆದುಬಿಡಿ, ನಾನು ಬಾಗಿಲ ಕಡೆ ನೋಡಬೇಡಿ ಎಂದು ಮೇಷ್ಟ್ರಿಗೆ ಹೇಳುತ್ತೇನೆ.

ದೊಡ್ಡವರಿಗೆ ಹೀಗೆ ಬರೆಯಬಾರದು. ಬರೆದಾಯಿತು.

ಪ್ರತಿಮಾ


ಸಾಗರ
10-12-2024

ಪ್ರತಿಮಾ ಮಗಳೇ,

ಈ ಕಾಗದವನ್ನು ಒಂಬತ್ತು ದಿನದಿಂದ ಬರೆಯುತ್ತಿದ್ದೇನೆ. ಮೊದಲ ಅರ್ಧ ಅವತ್ತೇ ಬರೆದಿಟ್ಟಿದ್ದೆ. ಎರಡನೇ ಅರ್ಧ ಬರೆಯದೆ ಮೊದಲನೆಯದನ್ನು ಕಳಿಸಲು ಮನಸ್ಸು ಬರಲಿಲ್ಲ. ಅಷ್ಟು ದಿನ ನಿನ್ನನ್ನು ಕಾಯಿಸಿದ್ದು ನನ್ನ ತಪ್ಪು.

ಮೊದಲನೆಯದು. ಆ ಬ್ರಷ್ಷನ್ನು ಮನೆಯಿಂದ ಹೊರಗೆ ಹಾಕು. ಅದು ಹಂದಿಯ ಕೂದಲು. ಒದ್ದೆಯಾದಾಗಿನ ವಾಸನೆ, ಕಪ್ಪು ಬುಡ, ಬಿಳಿ ತುದಿ, ಬೇರೆ ಯಾವುದೂ ಅಲ್ಲ. ನಮ್ಮ ಅಂಗಡಿಯ ಬ್ರಷ್ಷುಗಳೂ ಅವೇ. ಮೇಷ್ಟ್ರು ಮೊದಲ ದಿನ ಬಂದು ಕೂತವರು ಬ್ರಷ್ಷು ನೋಡಿ, "ಇದು ಎಂತದ್ರ ಕೂದ್ಲು ವಾಸಪ್ಪಾ?" ಎಂದು ಕೇಳಿದ್ದರು. ಹೇಳಿದೆ. "ಹಾಗಾದ್ರೆ ಕೈಯಲ್ಲೇ ಹಚ್ಚು ಮಾರಾಯ" ಎಂದರು. ಮೂವತ್ತೊಂದು ವರ್ಷ ಅವರಿಗೆ ಕೈಯಲ್ಲೇ ಹಚ್ಚಿದ್ದೇನೆ. ಇರುವೆ ತುಳಿಯದ ಹಾಗೆ ನಡೆಯುವ ಮನುಷ್ಯ, ಅದನ್ನು ಮುಖಕ್ಕೆ ಹಚ್ಚಿಸಿಕೊಳ್ಳುತ್ತಾರೆಯೇ? ತಿರುಗಿಸಲು ಮುಖ ಬಿಟ್ಟರೆ ಅವರ ಹತ್ತಿರ ಬೇರೆ ಏನಿತ್ತು? ಅಲ್ಲಿಯ ಕ್ಷೌರಿಕರ ಪೆಟ್ಟಿಗೆಯಲ್ಲೂ ಅವರು ನೋಡಿದ್ದು ಅದನ್ನೇ ಇರಬೇಕು.

ನಾನು ನಿನಗೆ ಬ್ಲೇಡು ಹೇಳಿದೆ, ಕೋನ ಹೇಳಿದೆ, ಸುಳಿ ಹೇಳಿದೆ. ಕೈಯಲ್ಲಿ ಹಚ್ಚು ಎನ್ನುವುದನ್ನು ಹೇಳಲಿಲ್ಲ. ದಿನಾ ಮಾಡಿದ್ದು, ಹೇಳಬೇಕಾದ್ದೆಂದೇ ಹೊಳೆಯಲಿಲ್ಲ. ಬೀಟೆ ಹಿಡಿಯ ಬ್ರಷ್ಷು ಎಂದು ನೀನು ಮೊದಲೇ ಬರೆದಿದ್ದೆ, ಅದನ್ನೂ ಓದಿ ಬಿಟ್ಟುಬಿಟ್ಟೆ.

ಎರಡನೆಯದು. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಕೈ ನಡುಗುತ್ತದೆ. ಎರಡೂ ಕೈ. ಮೂರು ವರ್ಷವಾಯಿತು. ಒಂದು ದಿನ ಗಿರಾಕಿಯೊಬ್ಬರ ಕಿವಿಯ ಕೆಳಗೆ ಕತ್ತಿ ಇಟ್ಟೆ, ಅದು ನನ್ನ ಮಾತು ಕೇಳಲಿಲ್ಲ. ದೊಡ್ಡ ಗಾಯವಲ್ಲ. ಅವರೂ ಏನೂ ಅನ್ನಲಿಲ್ಲ. ಅವತ್ತು ಕತ್ತಿ ಒರೆಸಿ ಇಟ್ಟವನು ಮತ್ತೆ ಮುಟ್ಟಲಿಲ್ಲ. ಆಮೇಲೆ ತೀರ್ಥಹಳ್ಳಿಗೂ ಬರಲಿಲ್ಲ. ಬಂದರೆ ಮೇಷ್ಟ್ರು ಕುರ್ಚಿ ಎಳೆದು ಕೂತು, ತಲೆ ಹಿಂದಕ್ಕೆ ಚೆಲ್ಲುತ್ತಾರೆ. ಆಗ ನಾನು ಏನು ಮಾಡಲಿ? ದಾರ ಕಟ್ಟಿಸಿದ್ದೇನೆ ಎಂದು ಬರೆದೆನಲ್ಲ, ಸೊಸೆ ಕಟ್ಟಿಕೊಟ್ಟದ್ದು. ಅಕ್ಷರ ಅಲುಗಾಡುವುದು ಅವಸರಕ್ಕಲ್ಲ.

ನೀಲಿ ದಾರದ್ದನ್ನು ಹಾಕು. ಮೇಷ್ಟ್ರ ಗಡ್ಡಕ್ಕೆ ಅದೇ ಎಂದು ನನಗೆ ಮೊದಲೇ ಗೊತ್ತಿತ್ತು. ಹೇಳಲು ಹೆದರಿದೆ. ನಡುಗುವ ಕೈಯವನು ಎಲ್ಲರ ಕೈಯನ್ನೂ ತನ್ನದರ ಹಾಗೆಯೇ ಅಂದುಕೊಳ್ಳುತ್ತಾನೆ. ನಿನ್ನ ಅಕ್ಷರ ಮತ್ತೆ ತೆಗೆದು ನೋಡಿದೆ. ಗೆರೆ ಇಲ್ಲದ ಹಾಳೆಯಲ್ಲಿ ಗೆರೆ ಎಳೆದ ಹಾಗೆ ಹೋಗಿದೆ. ನಿನ್ನ ಕೈ ಸ್ಥಿರವಾಗಿದೆ.

ಹದಿನಾಲ್ಕು ಚತುರ್ದಶಿ. ಅದಕ್ಕೆ ಮೊದಲೇ ಮಾಡು.

ವಾಸಪ್ಪ


ತೀರ್ಥಹಳ್ಳಿ
13-12-2024, ಶುಕ್ರವಾರ

ವಾಸಪ್ಪನವರಿಗೆ ನಮಸ್ಕಾರ.

ನಿನ್ನೆ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬುಧವಾರ ನಿಮ್ಮ ಕಾಗದ ಬಂದ ಕೂಡಲೇ ಬ್ರಷ್ಷಿನ ಡಬ್ಬಿಯನ್ನು ಸಂಯುಕ್ತಾಳಿಗೆ ಕೊಟ್ಟೆ. ಅಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. ಓದಿ ಅವಳು ಡಬ್ಬಿಯನ್ನು ಅಪ್ಪನ ಕೈಗಿಟ್ಟಳು. ವಿಮಲಣ್ಣ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. "ರೇಟಿಂಗ್ ನೋಡಿ ತರ್ಸಿದ್ದು ಕಣೇ ನಾನು" ಎಂದರು. ಅಮ್ಮ, "ಇಷ್ಟ್ ದಿವಸ ನಾವು ಅವ್ರಿಗೆ ಹಟ ಅಂದ್ವಲ್ಲ" ಎಂದು ಅಷ್ಟೇ ಹೇಳಿದರು. ನಾನು ವಿಮಲಣ್ಣನಿಗೆ ಉಗುರಿನ ಗಾಯದ ನಿಜವನ್ನೂ ಹೇಳಿದೆ. ಹೇಳುವ ದಿನ ಅದೇ ಅನ್ನಿಸಿತು. ಅವರು, "ಇಬ್ರೂ ಸೇರಿ ಅಪ್ಪನ್ನ ಗೋಳು ಹೊಯ್ಕೊಂಡ್ವಿ ಬಿಡು" ಎಂದರು.

ನಿನ್ನೆ ಏಳೂವರೆಗೆ ಕೂರಿಸಿದೆ. ನಿಮ್ಮ ಅಂಗಡಿಯ ಹೊತ್ತು ಅದೇ ತಾನೇ. ಬಟ್ಟಲು ಹೊಸದು, ಟವೆಲು ಹೊಸದು. ಮೇಷ್ಟ್ರು ತುಟಿ ಬಿಗಿ ಮಾಡಿ ಕಾಯುತ್ತಿದ್ದರು. ನಾನು ಅಂಗೈ ಮೇಲೆ ಕ್ರೀಮು ಹಾಕಿಕೊಂಡು, ನೀರು ಚಿಮುಕಿಸಿ ಅವರೆದುರಿಗೇ ಉಜ್ಜಿದೆ. ನೋಡಿದರು. ಹತ್ತಿರ ಹೋದಾಗ ಎಡಗೈ ಎತ್ತಿದರು, ತಳ್ಳುತ್ತಾರೆ ಅಂದುಕೊಂಡೆ. ತಳ್ಳಲಿಲ್ಲ. ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದು ವಾಸನೆ ನೋಡಿದರು. ಆಮೇಲೆ ಕೈ ಬಿಟ್ಟು ತಲೆಯನ್ನು ಹಿಂದಕ್ಕೆ ಚೆಲ್ಲಿದರು. ನೀವು ಬರೆದಿದ್ದಿರಲ್ಲ, ಹಾಗೆಯೇ. ಕಣ್ಣು ಮುಚ್ಚಿದರು.

ನನ್ನ ಕಣ್ಣು ಮಂಜಾಯಿತು. ಸ್ವಲ್ಪ ನಿಂತೆ, ರೇಜರು ಹಿಡಿಯುವ ಹೊತ್ತಿನಲ್ಲಿ ಅಳಬಾರದಲ್ಲ.

ನೀಲಿ ದಾರ ಬಿಚ್ಚಿ ಹಾಕಿದೆ. ಒಣ ತೊಗಟೆಯ ಮೇಲೆ ಇರುವೆ ನಡೆದ ಹಾಗೆ ಸಣ್ಣ ಸದ್ದು. ನಾನು ಒತ್ತಲೇ ಇಲ್ಲ. ಕಿವಿಯಿಂದ ಕೆಳಕ್ಕೆ, ಗಂಟಲಿನ ಸುಳಿಯಲ್ಲಿ ಅಡ್ಡಕ್ಕೆ. ಬಾಯಿ ಜಾರಿದ ಕಡೆ ಚರ್ಮ ಬಿಗಿ ನಿಲ್ಲುವುದಿಲ್ಲ, ಅಲ್ಲಿ ಮೂರು ಬೆರಳಿಟ್ಟು ಹಿಡಿದೆ. ಮುಕ್ಕಾಲು ಗಂಟೆ ಆಯಿತು. ಒಂದು ಹನಿ ರಕ್ತ ಬರಲಿಲ್ಲ.

ಮುಖ ಒರೆಸುವಾಗ ಅಮ್ಮ ಬಂದರು. ಮೇಷ್ಟ್ರು ಗೋಡೆಗೆ ತಿರುಗಲಿಲ್ಲ. ಅಮ್ಮ ಹತ್ತಿರ ಬಂದು ಕೆನ್ನೆ ಮುಟ್ಟಿ, "ಈಗ ನಮ್ಮನೆಯವ್ರ ಹಾಗೆ ಕಾಣ್ತೀರಿ" ಎಂದರು. ನಾನು ಬೋರಲಾಗಿದ್ದ ಕನ್ನಡಿ ಎತ್ತಿ ಹಿಡಿದೆ. ಸುಮಾರು ಹೊತ್ತು ನೋಡಿಕೊಂಡರು. ಕೊನೆಗೆ ಬೆರಳೆತ್ತಿ ಕೆಳತುಟಿಯ ಬಲಗಡೆ ಇಟ್ಟರು. ನಾಲ್ಕು ಕೂದಲು ಉಳಿದಿತ್ತು. ಬಾಯಿ ಕೂಡಿಸಲು ನೋಡಿದರು, ಆಗಲಿಲ್ಲ, ಕನ್ನಡಿಯಲ್ಲೇ ಕಣ್ಣಿಟ್ಟು ಮತ್ತೆ ನೋಡಿದರು. "...ಪ್ಪು" ಎಂದರು.

ನನಗೆ ಅಪ್ಪ ಎಂದ ಹಾಗೆ ಕೇಳಿಸಿತು. ಅಮ್ಮ ಅಳುತ್ತಾ ನಗಲು ಶುರು ಮಾಡಿದರು. "ತಪ್ಪು ಅಂತಿದಾರೆ ಕಣೇ! ನಲ್ವತ್ ವರ್ಷ ಈ ಮಾತು ಕೇಳಿ ಕೇಳಿ ಬೇಜಾರಾಗಿತ್ತು. ಇನ್ನೊಂದ್ಸಲ ಹೇಳಿ ನೋಡಣ." ಮೇಷ್ಟ್ರು ಇನ್ನೊಂದು ಸಲ ಹೇಳಿದರು.

ಭಾನುವಾರದ ಮಷಿನ್ನು ರದ್ದಾಯಿತು.

ನಿಮಗೆ ಮನಸ್ಸಿಲ್ಲ ಎಂದು ಬರೆದಿದ್ದೆ. ಅದನ್ನು ನೀವು ಒಂಬತ್ತು ದಿನ ಇಟ್ಟುಕೊಂಡಿರಿ. ನನಗೆ ಕ್ಷಮೆ ಕೇಳಲು ಸರಿಯಾದ ಮಾತು ಗೊತ್ತಿಲ್ಲ. ನಿಮ್ಮ ಕೈಯ ವಿಷಯ ಯಾರಿಗೂ ಹೇಳಿಲ್ಲ. ಬ್ರಷ್ಷಿನ ಭಾಗ ಮಾತ್ರ ಓದಿ ಹೇಳಿದೆ. ಮೇಷ್ಟ್ರು ಈಗಲೂ ಬಾಗಿಲ ಕಡೆ ನೋಡುತ್ತಾರೆ. ಗಡ್ಡ ಈಗ ಆಗಿದೆ, ಮಾಡಿಸಿಕೊಳ್ಳುವುದಕ್ಕೆ ಅಲ್ಲ ಅವರು ನೋಡುವುದು.

ಪ್ರತಿಮಾ


ಸಾಗರ
17-12-2024

ಪ್ರತಿಮಾ ಮಗಳೇ,

ನಿನ್ನ ಕಾಗದ ಸೊಸೆಯ ಕೈಯಲ್ಲಿ ಎರಡನೇ ಸಲ ಓದಿಸಿದೆ. ನನ್ನ ಕಿವಿಗೆ ಕೇಳಿಸುವ ಹಾಗೆ ಓದಿದ್ದರಿಂದ ಪಕ್ಕದ ಮನೆಯವರೂ ಕೇಳಿರಬೇಕು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೇಷ್ಟ್ರನ್ನು ನೋಡಿ ಸಂಜೆ ವಾಪಸು. ಕೈಯ ವಿಷಯ ನಾನೇ ಹೇಳುತ್ತೇನೆ. ಹೇಳುವುದು ಏನಿದೆ, ಕಾಫಿ ಲೋಟ ಹಿಡಿದರೆ ಕಾಣುತ್ತದೆ.

ನನ್ನನ್ನು ನೋಡಿ ಹೆದರಬೇಡ. ಎದೆಯವರೆಗೆ ಗಡ್ಡ ಇದೆ. ನನ್ನ ಕೈಯಲ್ಲಿ ಮಾಡಿಕೊಳ್ಳಲು ಆಗುವುದಿಲ್ಲ. ಐವತ್ತು ವರ್ಷ ಕುರ್ಚಿಯ ಹಿಂದೆ ನಿಂತವನು ಅದೇ ಊರಿನಲ್ಲಿ ಕುರ್ಚಿಯ ಮೇಲೆ ಹೋಗಿ ಕೂರಲು ಮನಸ್ಸು ಒಪ್ಪಲಿಲ್ಲ. ಮಗನೂ ಕೇಳಿ ಕೇಳಿ ಬಿಟ್ಟ. ಊರವರಿಗೆ ಸಿಗಂದೂರಿಗೆ ಹರಕೆ ಎಂದು ಹೇಳಿದ್ದೇನೆ. ಸುಳ್ಳೆಂದು ದೇವಿಗೆ ಗೊತ್ತು. ಈಗ ನಿನಗೂ ಗೊತ್ತು.

ವಾಸಪ್ಪ


ತೀರ್ಥಹಳ್ಳಿ
19-12-2024, ಗುರುವಾರ

ವಾಸಪ್ಪನವರಿಗೆ ಪ್ರತಿಮಾ ಮಾಡುವ ನಮಸ್ಕಾರಗಳು.

ಶನಿವಾರ ಬರುತ್ತೀರೆಂದು ಮೇಷ್ಟ್ರಿಗೆ ಹೇಳಿದೆ. ಬಲಗಡೆ ಜಾರಿದ ತುಟಿಯೂ ಸ್ವಲ್ಪ ಮೇಲೆ ಬಂತು. "ಪ" ಈಗ ಚೆನ್ನಾಗಿ ಬರುತ್ತದೆ. "ವ" ಕಷ್ಟ. ನಿನ್ನೆಯಿಂದ ಕನ್ನಡಿ ಮುಂದೆ ಅದೊಂದನ್ನೇ ಹೇಳುತ್ತಿದ್ದಾರೆ. ಯಾರ ಹೆಸರಿಗೆಂದು ನಾನು ಬರೆಯುವುದಿಲ್ಲ, ಬಂದು ಕೇಳಿ. ಜೋರಾಗಿ ಹೇಳಲು ಆಗುವುದಿಲ್ಲ, ನೀವೇ ಕಿವಿ ಹತ್ತಿರ ತರಬೇಕು.

ಇನ್ನೊಂದು ಕೇಳಬೇಕಿತ್ತು. ಕೇಳಲು ನಾಚಿಕೆ, ಕಾಗದದಲ್ಲಿ ಆಗುತ್ತದೆ. ನಿಮ್ಮ ಗಡ್ಡ ಬಿರುಸೋ ಮೆತ್ತಗೋ? ಒಣ ಕೆನ್ನೆಯ ಮೇಲೆ ಎತ್ತ ಸವರಿದರೆ ನುಣ್ಣಗಿರುತ್ತದೆ? ಗಂಟಲಿನಲ್ಲಿ ಸುಳಿ ಇದೆಯೇ, ಯಾವ ಕಡೆ? ನೀಲಿ ದಾರದ್ದು ಇನ್ನೊಂದು ಉಳಿದಿದೆ, ಹಳದಿಯೂ ಒಂದಿದೆ. ಯಾವುದು ಹಾಕಲಿ ಎಂದು ನಿಮ್ಮನ್ನು ಕೇಳುವುದಿಲ್ಲ, ಕೆನ್ನೆಯನ್ನೇ ಕೇಳುತ್ತೇನೆ. ಇದು ನಿಮ್ಮ ಊರಲ್ಲ, ಇಲ್ಲಿ ಯಾರೂ ನೋಡುವುದಿಲ್ಲ. ಮೇಷ್ಟ್ರು ಮಾತ್ರ ನೋಡುತ್ತಾರೆ. ಕೂದಲು ಉಳಿದರೆ ತಪ್ಪು ಎನ್ನಲು ಒಬ್ಬರು ಬೇಕಲ್ಲ. ಹರಕೆಯ ವಿಷಯ ದೇವಿಯ ಹತ್ತಿರ ನೀವೇ ಮಾತಾಡಿಕೊಳ್ಳಿ.

ಬೇಡವೆಂದರೆ ಬೇಡ. ಕಾಫಿ ಕುಡಿದು ಮಾತಾಡಿ ಹೋಗಿ. ಲೋಟ ಅರ್ಧವೇ ತುಂಬಿಸಿ ಕೊಡುತ್ತೇನೆ.

ಇವತ್ತು ಬೆಳಿಗ್ಗೆ ಮೇಷ್ಟ್ರ ಟವೆಲಿನ ಜೊತೆಗೆ ಇನ್ನೊಂದು ಟವೆಲನ್ನೂ ಒಗೆದು ತಂತಿಗೆ ಹಾಕಿದ್ದೇನೆ.

ಪ್ರತಿಮಾ